ಮೂಗು ಕೈಕೊಟ್ಟ ಟ್ಯಾಂಕ್ ಮೇಸ್ತ್ರಿ

ಬೆಳಗಿನ ಐದೂವರೆ. ಬಸ್ಸುಗಳು ಇನ್ನೂ ರಸ್ತೆಗೆ ಇಳಿದಿಲ್ಲ. ತಗಡಿನ ಶೆಡ್ಡಿನೊಳಗೆ ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿದ ಪೆಟ್ರೋಲ್ ಟ್ಯಾಂಕಿನ ಪಕ್ಕ ಅರವತ್ತೆರಡರ ಮೇಸ್ತ್ರಿ ಮಂಡಿಯೂರಿದ್ದಾರೆ. ಕೈಯಲ್ಲಿ ಸ್ಪ್ಯಾನರ್ ಇದೆ, ಕೆಲಸ ನಡೆಯುತ್ತಿಲ್ಲ. ಅವರು ಕಾಯುತ್ತಿದ್ದಾರೆ. ಹೆಂಡತಿ ಶಾಲು ಹೊದ್ದು ಹಿಂಬಾಗಿಲಿನಿಂದ ಬರುತ್ತಾರೆ. ಟ್ಯಾಂಕಿನ ಮೇಲಿನ ದುಂಡು ಮುಚ್ಚಳಕ್ಕೆ ಬಗ್ಗಿ, ಕಣ್ಣು ಮುಚ್ಚಿ, ಅಂಚಿನ ಸುತ್ತ ನಿಧಾನವಾಗಿ ಮೂಸುತ್ತಾರೆ.

“ಇಲ್ಲಿಲ್ಲ. ಇಲ್ಲೂ ಇಲ್ಲ. ತಾಳಿ, ಇಲ್ಲಿ ಸ್ವಲ್ಪ ಬರ್ತಿದೆ.”

ಮೇಸ್ತ್ರಿ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಇಡೀ ಮುಚ್ಚಳ ಮತ್ತೆ ಬಿಚ್ಚಬೇಕು. ಹೆಂಡತಿ ಹೊರಗೆ ಹೋಗಿ ಗೋಡೆ ಹಿಡಿದು ಕೆಮ್ಮುತ್ತಾರೆ. ಆ ಕೆಮ್ಮು ನಿಲ್ಲುವ ತನಕ ಇವರು ಸ್ಪ್ಯಾನರ್ ಎತ್ತುವುದಿಲ್ಲ.

ಚಾಸಿ, ಬಾಡಿ, ಚಕ್ರ ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ತರಿಸಿಕೊಂಡು ಮನೆಯಲ್ಲೇ ಕಾರು ಕಟ್ಟಿಕೊಳ್ಳುವ ಹುಚ್ಚಿನವರು ಊರಿಗೆ ನಾಲ್ಕೈದು ಜನ ಇರುತ್ತಾರೆ. ವರ್ಷಗಟ್ಟಲೆ ನಟ್ಟು ಬೋಲ್ಟು ಜೋಡಿಸಿದವರೂ ಪೆಟ್ರೋಲ್ ಟ್ಯಾಂಕಿನ ಹತ್ತಿರ ಬಂದಾಗ ಹಿಂಜರಿಯುತ್ತಾರೆ. ಹಳೆಯ ಇಂಜಿನ್ನಿಗೆ ಪೆಟ್ರೋಲ್ ಹರಿಸಲು ಟ್ಯಾಂಕಿನ ಹೊರಗಿನ ಪಂಪ್ ಸಾಕಾಗುತ್ತಿತ್ತು. ಈಗಿನದಕ್ಕೆ ಟ್ಯಾಂಕಿನ ಒಳಗೇ, ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರುವ ಪಂಪ್ ಬೇಕು. ಅಂಥ ಪಂಪ್ ಆರಿಸಿ, ಟ್ಯಾಂಕ್ ಕೊರೆದು, ಕೂರಿಸಿ ಕೊಡುವುದು ಮೇಸ್ತ್ರಿಯ ಕಸುಬು. ಇಪ್ಪತ್ತೆರಡು ವರ್ಷಗಳಲ್ಲಿ ಅರವತ್ತಮೂರು ಕಾರು. ಆ ಕಾರುಗಳ ಫೋಟೋ ತೆಗೆಯುವವರು ಬಣ್ಣದ್ದು ತೆಗೆಯುತ್ತಾರೆ, ಚಕ್ರದ್ದು ತೆಗೆಯುತ್ತಾರೆ. ಹಿಂದಿನ ಸೀಟಿನ ಕೆಳಗಿರುವ ಮುಚ್ಚಳದ ಫೋಟೋ ಯಾರೂ ತೆಗೆದಿಲ್ಲ.

ಈಗ ಶೆಡ್ಡಿನಲ್ಲಿರುವ ಟ್ಯಾಂಕು ಕನ್ನಡಕದ ಅಂಗಡಿಯವರದು. ಆರು ವರ್ಷದಿಂದ ಭಾನುವಾರ ಭಾನುವಾರ ಕಾರು ಕಟ್ಟುತ್ತಿದ್ದಾರೆ. ಪಂಪನ್ನೂ ತಾವೇ ತಂದಿದ್ದರು, ರೇಸಿನ ಗಾಡಿಗೆ ಹಾಕುವಂಥದ್ದು. ಮೇಸ್ತ್ರಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು.

“ಮೂಗಿಗಿಂತ ಮೂಗುತಿ ಭಾರ ಆಯ್ತು ಸಾರ್. ನಿಮ್ಮ ಇಂಜಿನ್ ಕುಡಿಯೋದು ಇದರ ಅರ್ಧ. ಮಿಕ್ಕಿದ್ದೆಲ್ಲ ಸುಮ್ನೆ ಸುತ್ತಿ ಸುತ್ತಿ ಟ್ಯಾಂಕಿಗೇ ಬಂದು ಬೀಳುತ್ತೆ, ಪೆಟ್ರೋಲ್ ಬಿಸಿ ಆಗುತ್ತೆ. ಇಂಜಿನ್ ಪೂರ್ತಿ ಓಡಿದಾಗ ಎಷ್ಟು ಬೇಕೋ ಅಷ್ಟು, ಅದರ ಮೇಲೊಂದು ಹಿಡಿ. ಸಾಕು.”

ಪಂಪ್ ಆರಿಸಿದರೆ ಮುಗಿಯಲಿಲ್ಲ. ಕಾರು ತಿರುವಿನಲ್ಲಿ ವಾಲಿದಾಗ ಪೆಟ್ರೋಲೆಲ್ಲ ಒಂದು ಮೂಲೆಗೆ ಓಡುತ್ತದೆ, ಪಂಪ್ ಬರೀ ಗಾಳಿ ಎಳೆಯುತ್ತದೆ. ಅದಕ್ಕೆ ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡುವ ಒಂದು ಪುಟ್ಟ ಬಟ್ಟಲು ಕಟ್ಟಬೇಕು. ಒಳಗಿನ ಪೈಪು ಹೊರಮೈಯಲ್ಲೂ ಪೆಟ್ರೋಲಿಗೆ ತಾಳುವಂಥದ್ದೇ ಆಗಬೇಕು. ಮಾಮೂಲಿ ರಬ್ಬರ್ ಹಾಕಿದರೆ ಉಬ್ಬಿ, ಮೆತ್ತಗಾಗಿ, ನಡುರಸ್ತೆಯಲ್ಲಿ ಕಳಚಿಕೊಳ್ಳುತ್ತದೆ. ಕೊನೆಯದಾಗಿ ಕೊರೆದ ಬಾಯಿಗೆ ಮುಚ್ಚಳ, ಅದರಡಿಯ ರಬ್ಬರ್ ಉಂಗುರ. ಟ್ಯಾಂಕ್ ತುಂಬಿಸಿ ಒಂದು ರಾತ್ರಿ ಬಿಟ್ಟು, ಮುಂಜಾನೆಯ ಶುದ್ಧ ಗಾಳಿಯಲ್ಲಿ ಮೂಸಿ ನೋಡಬೇಕು. ಸೋಪಿನ ನೀರಿಗೆ ಸಿಗದ ಸೋರಿಕೆ ಮೂಗಿಗೆ ಸಿಗುತ್ತದೆ.

ಮೇಸ್ತ್ರಿಯ ಮೂಗಿಗೆ ಈಗ ಏನೂ ಸಿಗುವುದಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಬಸ್ ಡಿಪೋದಲ್ಲಿ ಟ್ಯಾಂಕ್ ತೊಳೆಯುವ ಕೆಲಸಕ್ಕೆ ಸೇರಿದವರು ಅವರು. ತಲೆಯನ್ನೇ ಒಳಗೆ ತೂರಿಸಿ ಉಜ್ಜುತ್ತಿದ್ದರು. “ಆಗ ಮಾಸ್ಕು ಗೀಸ್ಕು ಯಾರು ಕೇಳಿದ್ರು? ತಲೆ ತಿರುಗಿದ್ರೆ ಹೊರಗೆ ಬಂದು ಕೂತ್ಕೊಳ್ತಿದ್ವಿ, ಅಷ್ಟೇ.” ಡಿಪೋ ಬಿಟ್ಟ ಮೇಲೂ ಬದುಕು ಪೆಟ್ರೋಲಿನ ಆವಿಯಲ್ಲೇ ಕಳೆಯಿತು.

ಎರಡು ಚಳಿಗಾಲದ ಹಿಂದೆ ಒಂದು ಸಂಜೆ ಅವರು ಅಡುಗೆಮನೆಯಲ್ಲಿ ಒಲೆ ಹಚ್ಚಲು ಬೆಂಕಿಪೊಟ್ಟಣ ತೆಗೆದಿದ್ದರು. ಪಕ್ಕದ ಮನೆಯಿಂದ ಬಂದ ಹೆಂಡತಿ ಕೂಗಲಿಲ್ಲ, ಓಡಿ ಬಂದು ಅವರ ಮಣಿಕಟ್ಟು ಹಿಡಿದುಕೊಂಡರು. ಮನೆ ತುಂಬ ಗ್ಯಾಸ್ ತುಂಬಿತ್ತು. “ನಿಮಗೆ ಗೊತ್ತೇ ಆಗ್ಲಿಲ್ವೇನ್ರೀ?” ಎಂದು ಕೇಳಿದರು.

ವಾಸನೆಯ ನರ ಸತ್ತಿದೆ, ಇನ್ನು ಮರಳುವುದಿಲ್ಲ ಎಂದರು ಡಾಕ್ಟರು. ಜೊತೆಗೆ ಇನ್ನೊಂದು ಮಾತು ಕೇಳಿದರು: ಯಾವಾಗಿನಿಂದ? ಆ ಪ್ರಶ್ನೆ ಮೇಸ್ತ್ರಿಯನ್ನು ಇವತ್ತಿಗೂ ತಿನ್ನುತ್ತಿದೆ. ಕಣ್ಣು ಹೋದರೆ ಆ ದಿನವೇ ತಿಳಿಯುತ್ತದೆ. ಮೂಗು ಹೇಳದೆ ಕೇಳದೆ ಹೋಗುತ್ತದೆ. “ವಾಸನೆ ಬರ್ತಿಲ್ಲ, ಕೆಲಸ ಚೆನ್ನಾಗಾಗಿದೆ ಅಂದ್ಕೊಂಡು ಎಷ್ಟು ಗಾಡಿ ಕಳಿಸಿದೀನೋ. ಇಲ್ದೇ ಇದ್ದಿದ್ದು ವಾಸನೆಯೋ, ನನ್ನ ಮೂಗೋ, ಯಾರಿಗೆ ಗೊತ್ತು?”

ಐದು ವರ್ಷ ಎಂದು ಅಂದಾಜು ಹಾಕಿ, ಆ ಅವಧಿಯ ಹತ್ತೊಂಬತ್ತು ಕಾರುಗಳ ಹಿಂದೆ ಬಿದ್ದರು. ಹದಿನಾಲ್ಕು ಸಿಕ್ಕವು. ಹೆಂಡತಿಯನ್ನು ಕರೆದುಕೊಂಡು ಒಂದೊಂದೇ ಮನೆಗೆ ಹೋಗಿ ಮೂಸಿಸಿದರು. ಹನ್ನೆರಡು ಸರಿಯಿದ್ದವು. ಎರಡರ ಮುಚ್ಚಳದ ಸುತ್ತ ಪೆಟ್ರೋಲ್ ಜಿನುಗುತ್ತಿತ್ತು. ಅದರಲ್ಲೊಂದು ಕಾರಿನ ಯಜಮಾನ ದಿನಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅದೇ ಸೀಟಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. “ಮನೇಲಿ ಕಟ್ಟಿದ ಗಾಡಿ ಅಲ್ವಾ ಮೇಸ್ತ್ರೀ, ಹೀಗೇ ವಾಸನೆ ಇರುತ್ತೆ ಅಂದ್ಕೊಂಡ್ವಿ” ಎಂದನಂತೆ. ಮೇಸ್ತ್ರಿ ಎರಡರ ರಬ್ಬರ್ ಉಂಗುರವನ್ನೂ ಬದಲಿಸಿಕೊಟ್ಟು ಬಂದರು. ಉಳಿದ ಐದು ಕಾರುಗಳು ಸಿಗಲೇ ಇಲ್ಲ. ಮಾರಿದ್ದಾರೆ, ಕೈ ಬದಲಾಗಿವೆ, ಫೋನ್ ನಂಬರುಗಳು ಸತ್ತಿವೆ.

ಅಂದಿನಿಂದ ಹೆಂಡತಿಯ ಮೂಗೇ ಅವರ ಮೂಗು. ಈಗ ಅದಕ್ಕೂ ಕುತ್ತು ಬಂದಿದೆ. ಹೆಂಡತಿಯ ಎದೆಯಲ್ಲಿ ಗೊರಗೊರ ಶುರುವಾಗಿ ಆರು ತಿಂಗಳಾಯಿತು; ಪೆಟ್ರೋಲಿನ ಗಾಳಿ ಸೋಕಲೇಬಾರದು ಎಂದು ಹೋದ ವಾರ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. “ಇದೊಂದು ಮುಗಿಸಿಬಿಡೋಣ ಅಂತ ನಾನೇ ಹಠ ಮಾಡಿದೆ. ಅವರು ಬೇಡ ಅಂದ್ರು. ಒಪ್ಪಿಕೊಂಡ ಕೆಲಸ, ಹೇಗೆ ಬಿಡೋದು?” ಎನ್ನುತ್ತಾರೆ ಹೆಂಡತಿ. ಮೇಸ್ತ್ರಿ ಅವರ ಕಡೆ ನೋಡುವುದಿಲ್ಲ.

ಏಳು ಗಂಟೆಗೆ ಕನ್ನಡಕದ ಅಂಗಡಿಯವರು ಬರುತ್ತಾರೆ. ಮೇಸ್ತ್ರಿ ಎಲ್ಲವನ್ನೂ ಅವರ ಮುಂದೆ ಬಿಚ್ಚಿ ಹೇಳುತ್ತಾರೆ. ಆ ಮನುಷ್ಯ ಕೆಮ್ಮುತ್ತಿರುವ ಹೆಂಗಸಿನ ಕಡೆ ನೋಡಿ, “ನಾಳೆಯಿಂದ ನಾನೇ ಬಂದು ಮೂಸ್ತೀನಿ, ಅಮ್ಮ ಒಳಗಿರಲಿ” ಎನ್ನುತ್ತಾರೆ. ಮೇಸ್ತ್ರಿ ಒಪ್ಪಿ ತಲೆಯಾಡಿಸುತ್ತಾರೆ. ಆದರೆ ಇನ್ನೊಬ್ಬರ ಮೂಗು ನಂಬಿ ಕಸುಬು ಮಾಡುವ ಚೈತನ್ಯ ಅವರಲ್ಲಿ ಉಳಿದಿಲ್ಲ. ಈ ಕಾರೇ ಕೊನೆ. ಬೇರೆ ಕೆಲಸ ಅವರಿಗೆ ಬರುವುದಿಲ್ಲ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಹೆಸರು ಕೆಡುವುದಿಲ್ಲವೇ ಎಂದು ಕೇಳಿದರೆ ಬೋಲ್ಟುಗಳನ್ನು ತಟ್ಟೆಗೆ ಎಣಿಸಿ ಹಾಕುತ್ತಲೇ ಉತ್ತರ ಕೊಡುತ್ತಾರೆ.

“ಕೆಟ್ರೆ ಕೆಡಲಿ. ನನ್ನನ್ನ ಹೊಗಳಿ ಏನೂ ಬರೀಬೇಡಿ, ಇದೊಂದು ಬರೀರಿ. ನಾನು ಕೂರಿಸಿದ ಮುಚ್ಚಳದ ಅಂಚಲ್ಲಿ ಮೂರು ಚುಕ್ಕಿ ಹೊಡೆದಿರ್ತೀನಿ. ಯಾರ ಗಾಡೀಲಾದ್ರೂ ಆ ಚುಕ್ಕಿ ಕಂಡ್ರೆ ಒಂದ್ಸಲ ಬಗ್ಗಿ ಮೂಸಿ ನೋಡಲಿ. ವಾಸನೆ ಬಂದ್ರೆ ಗಾಡಿ ಬಯಲಲ್ಲಿ ನಿಲ್ಲಿಸಿ ನಿಮ್ಮ ಪತ್ರಿಕೆ ಮೂಲಕ ನನಗೆ ಸುದ್ದಿ ಕಳಿಸಲಿ. ಎಷ್ಟು ದೂರ ಆದ್ರೂ ಬಂದು ಸರಿ ಮಾಡ್ಕೊಡ್ತೀನಿ.”