ಗುರುವಾರದ ಹೊಟ್ಟೆನೋವು

ನಮ್ಮ ಪ್ರಾಥಮಿಕ ಶಾಲೆಯಲ್ಲಿ ಗಂಟೆ ಹೊಡೆಯುವುದು, ಕೋಣೆಗಳ ಬೀಗ ತೆಗೆಯುವುದು, ಬಿದ್ದು ಬಂದ ಮಕ್ಕಳ ಮಂಡಿ ತೊಳೆದು ಮುಲಾಮು ಹಚ್ಚುವುದು ಎಲ್ಲ ಒಬ್ಬರದೇ ಕೆಲಸ. ಮಕ್ಕಳು ಅವರನ್ನು ಗಂಟೆಯಮ್ಮ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಹಾಗೇ ಕರೆದು ಕರೆದು, ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ನಾನು ಅಲ್ಲೇ ಎರಡನೇ ತರಗತಿಗೆ ಪಾಠ ಹೇಳುವವಳು. ಅವರು ಮಾಡಿದ ಒಂದು ಕೆಲಸವನ್ನು ಯಾರಿಗಾದರೂ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಒಂದು ಬೆಂಚು, ಒಂದು ಹೂಜಿ, ಔಷಧದ ಡಬ್ಬಿ ಇವೆ. ಹುಷಾರಿಲ್ಲ ಎಂದು ಬಂದ ಮಕ್ಕಳನ್ನು ಗಂಟೆಯಮ್ಮ ಮಲಗಿಸುವ ಜಾಗ ಅದು. ಮೂರನೇ ತರಗತಿಯ ಎರಡು ಜಡೆಯ ಹುಡುಗಿಯೊಬ್ಬಳು ಗುರುವಾರ ತಪ್ಪದೆ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದಳು. "ಎಲ್ಲಿ ನೋವು, ಪುಟ್ಟಿ?" ಎಂದರೆ ಒಂದು ವಾರ ಬಲಗಡೆ, ಇನ್ನೊಂದು ವಾರ ಎಡಗಡೆ ತೋರಿಸುತ್ತಿದ್ದಳು. ಕಳ್ಳಾಟ ಎಂದು ನಾವು ನಕ್ಕೆವು. ಗಂಟೆಯಮ್ಮ ನಗಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಯಾವ ಮಗು ಯಾವ ದಿನ ಯಾವ ಪೀರಿಯಡ್ಡಿನಲ್ಲಿ ಬಂತು ಎಂದು ಗೀಟು ಹಾಕುತ್ತ ಹೋದರು. ಒಂದೂವರೆ ತಿಂಗಳಲ್ಲಿ ಇಪ್ಪತ್ತಮೂರು ಗೀಟು. ಅವುಗಳಲ್ಲಿ ಹದಿನೇಳು, ಗುರುವಾರದ ಎರಡನೇ ಪೀರಿಯಡ್ಡಿನವು. ಲೆಕ್ಕದ ಮೇಷ್ಟ್ರು ಮೂರನೇ ತರಗತಿಯ ಒಬ್ಬೊಬ್ಬರನ್ನೇ ಎಲ್ಲರ ಮುಂದೆ ನಿಲ್ಲಿಸಿ ಮಗ್ಗಿ ಒಪ್ಪಿಸಿಕೊಳ್ಳುವ ಹೊತ್ತು ಅದು.

ಮನೆಯಲ್ಲಿ ಗಂಡನಿಗೆ ಹೇಳಿದರಂತೆ. "ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನಾನು. ಮೇಷ್ಟ್ರಿಗೆ ಹೇಳೋಕೆ ಹೋಗ್ಲಾ?"

ಗಂಡ ದರ್ಜಿ. ಕಚ್ಚಿಕೊಂಡಿದ್ದ ಗುಂಡುಸೂಜಿ ಬಾಯಿಂದ ತೆಗೆದು, "ಹೇಳು. ಹೆಚ್ಚು ಅಂದ್ರೆ ಬೈತಾರೆ. ನನ್ನ ಗಿರಾಕಿಗಳು ದಿನಾ ಬೈತಾರೆ, ನಾನೇನು ಸೊರಗಿದೀನಾ?" ಎಂದರಂತೆ.

ಮರುದಿನ ಗಂಟೆಯಮ್ಮ ಮೇಷ್ಟ್ರ ಮೇಜಿನ ಮೇಲೆ ಕ್ಯಾಲೆಂಡರ್ ಹರಡಿದರು. ಮೇಷ್ಟ್ರು ಕೆಟ್ಟವರಲ್ಲ, ಆದರೆ ಮುಖ ಗಂಟಿಕ್ಕಿದರು. "ಮಗ್ಗಿ ಬಾಯಿಗೆ ಬರದೆ ಮುಂದಿನ ಲೆಕ್ಕ ಹ್ಯಾಗೆ ಬರುತ್ತೆ, ಗಂಟೆಯಮ್ಮ? ಆ ಹುಡುಗಿಗೆ ಎರಡರ ಮಗ್ಗೀನೂ ಬರಲ್ಲ." ಕ್ಯಾಲೆಂಡರ್ ಸುತ್ತಿಕೊಂಡು ಗಂಟೆಯಮ್ಮ ಕೆಳಗಿಳಿದು ಹೋದರು.

ಎರಡು ದಿನ ಕಳೆದಿರಬೇಕು. ಆಟದ ಬಿಡುವಿನಲ್ಲಿ ನಾವು ಸ್ಟಾಫ್ ರೂಮಿನಲ್ಲಿದ್ದೆವು. ಎಂದೂ ಓಡದ ಗಂಟೆಯಮ್ಮ ಎರಡೆರಡು ಮೆಟ್ಟಿಲು ಹಾರಿ ಬಂದು, ಬಾಗಿಲು ಹಿಡಿದು ಏದುಸಿರು ಬಿಟ್ಟರು.

"ಮೇಷ್ಟ್ರೇ, ಇದ್ದ ಹಾಗೇ ಬನ್ನಿ. ಟೀಚರ್, ನೀವೂ ಬನ್ನಿ. ಸದ್ದು ಮಾಡ್ಬೇಡಿ."

ಮೇಷ್ಟ್ರು ಕೈಯಲ್ಲಿದ್ದ ನೀರಿನ ಲೋಟದ ಸಮೇತ ಎದ್ದರು. ಮೂವರೂ ಕಿಟಕಿಗೆ ಮುತ್ತಿಕೊಂಡೆವು. ಕೆಳಗೆ ಅಂಗಳದಲ್ಲಿ ಇಬ್ಬರು ಹುಡುಗಿಯರು ಉದ್ದನೆಯ ಹಗ್ಗ ಬೀಸುತ್ತಿದ್ದರು. ನಡುವೆ ಜಿಗಿಯುತ್ತಿದ್ದವಳು ಅದೇ ಎರಡು ಜಡೆಯವಳು. ಒಂದೊಂದು ಜಿಗಿತಕ್ಕೂ ಅವಳ ದನಿ ಮೇಲಕ್ಕೆ ಬರುತ್ತಿತ್ತು.

"ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು..."

ಮೂರನೇ ತರಗತಿಯವರೆಲ್ಲ ಮುಗ್ಗರಿಸುವುದು ಏಳೆಂಟ್ಲೆಯಲ್ಲಿ. ಹಗ್ಗ ನೆಲಕ್ಕೆ ಬಡಿಯಿತು, ಅವಳು ಹಾರಿದಳು. "ಏಳೆಂಟ್ಲೆ ಐವತ್ತಾರು." ಮೇಷ್ಟ್ರ ಲೋಟದಿಂದ ನೀರು ಚೆಲ್ಲಿ ನನ್ನ ಕಾಲು ಒದ್ದೆಯಾಯಿತು. ಎಪ್ಪತ್ತು ಮುಟ್ಟಿದವಳು ನಿಲ್ಲದೆ ಎಂಟರ ಮಗ್ಗಿಗೆ ಹಾರಿಬಿಟ್ಟಳು.

"ಇವಳಾ?" ಎಂದರು ಮೇಷ್ಟ್ರು.

"ಇವಳೇ. ಮಗ್ಗಿ ಬರುತ್ತೆ ಮೇಷ್ಟ್ರೇ. ಎಲ್ಲರ ಮುಂದೆ ನಿಂತು ಹೇಳೋಕೆ ಜೀವ ಬಾಯಿಗೆ ಬರುತ್ತೆ, ಅಷ್ಟೆ. ನಾನು ಸ್ಕೂಲು ಬಿಟ್ಟಿದ್ದೂ ಅದಕ್ಕೇ."

ಮೇಷ್ಟ್ರು ಲೋಟವನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದರು. ನಾವೂ ಹಿಂದೆಯೇ ಹೋದೆವು. ಅವರನ್ನು ಕಂಡದ್ದೇ ಹುಡುಗಿಯರು ಹಗ್ಗ ಬೀಸುವುದನ್ನು ನಿಲ್ಲಿಸಿದರು.

"ಹಗ್ಗದ ಒಂದು ತುದಿ ನನಗೆ ಕೊಡ್ತೀರಾ?"

ಒಬ್ಬಳು ತುದಿಯನ್ನು ಮೇಷ್ಟ್ರ ಕೈಗಿಟ್ಟು ಹಿಂದೆ ಸರಿದಳು. ಗಂಟೆಯಮ್ಮ ಇನ್ನೊಂದು ತುದಿ ಹಿಡಿದುಕೊಂಡು, "ಪುಟ್ಟಿ, ಮೇಷ್ಟ್ರಿಗೆ ಹಗ್ಗ ಬೀಸೋಕೆ ಬರಲ್ಲ. ನೀನೇ ಹೇಳ್ಕೊಡ್ಬೇಕು" ಎಂದರು. ಎರಡು ಜಡೆಯವಳು ಮೇಷ್ಟ್ರ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಮೊಣಕೈ ಅಲ್ಲ ಸರ್, ಭುಜದಿಂದ ತಿರುಗಿಸ್ಬೇಕು" ಎಂದಳು. ಮೇಷ್ಟ್ರು ತಿರುಗಿಸಿದರು. ಹಗ್ಗ ಅವರ ಕನ್ನಡಕಕ್ಕೇ ಸಿಕ್ಕಿಕೊಂಡಿತು. ಅವರು ಮೊದಲು ನಕ್ಕದ್ದರಿಂದ ಎಲ್ಲರಿಗೂ ನಗಲು ಧೈರ್ಯ ಬಂತು.

ಮುಂದಿನ ಗುರುವಾರ ಇಡೀ ಮೂರನೇ ತರಗತಿ ಅಂಗಳದಲ್ಲಿತ್ತು. ನಾಲ್ಕು ಹಗ್ಗ, ನಾಲ್ಕು ಮಗ್ಗಿ. ನನ್ನ ಮಕ್ಕಳು ಪಾಠ ಬಿಟ್ಟು ಕಿಟಕಿಗೆ ಅಂಟಿಕೊಂಡರು. ನಾನೂ ಅಂಟಿಕೊಂಡೆ. ಆ ದಿನ ಬೆಂಚಿಗೆ ಒಬ್ಬನೇ ಬಂದ. ಅವನಿಗೆ ನಿಜವಾಗಿಯೂ ಹೊಟ್ಟೆ ಕೆಟ್ಟಿತ್ತು.

ಆ ತಿಂಗಳು ಶಾಲೆ ಬಿಟ್ಟ ಮೇಲೆ ನಡೆದ ಶಿಕ್ಷಕರ ಸಭೆಯಲ್ಲಿ ಹೆಡ್ ಮೇಡಂ ಮೇಜಿನ ಸುತ್ತ ಇನ್ನೊಂದು ಕುರ್ಚಿ ಹಾಕಿಸಿ, ಗಂಟೆಯಮ್ಮನನ್ನು ಕೂರಿಸಿದರು. ಅವರು ಕುರ್ಚಿಯ ತುದಿಯಲ್ಲಿ, ಈಗಲೇ ಎದ್ದು ಹೋಗುವವರ ಹಾಗೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ನನ್ನ ಕ್ಲಾಸಲ್ಲಿ ಒಬ್ಬ ಸೋಮವಾರ ಮಾತ್ರ ಅಳ್ತಾನೆ, ಗಂಟೆಯಮ್ಮ. ಯಾಕಿರಬಹುದು?"

"ನಾವೇ ಯಾಕೆ ಊಹೆ ಮಾಡ್ಬೇಕು ಟೀಚರ್? ಅವನಿನ್ನೂ ಗೇಟ್ ಹತ್ರಾನೇ ಅಮ್ಮನಿಗೆ ಕಾಯ್ತಿರ್ತಾನೆ. ಬನ್ನಿ, ಕೇಳೋಣ," ಎಂದವರೇ ಎದ್ದು ಹೊರಟೇಬಿಟ್ಟರು.