ಸಾರಿಸಿದ ಹೊಸ್ತಿಲು

ದೂಧಗಂಗಾ ಹೊಳೆ ನಮ್ಮೂರೊಳಗೆ ನುಗ್ಗಿದ ವರ್ಷ ನಾನೂ ಅವ್ವನೂ ಊರ ಶಾಲೆಯ ಕಾಳಜಿ ಕೇಂದ್ರದಲ್ಲಿ ಹನ್ನೊಂದು ದಿನ ಇದ್ದೆವು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಮನೆಯ ಮುಂದಿನ ಗೋಡೆ ಮತ್ತು ಪಡಸಾಲೆ ಮಾತ್ರ ನಿಂತಿದ್ದವು. ಹಿಂದಿನ ಅಡುಗೆಮನೆ, ದೇವರ ಕೋಣೆ ಎರಡೂ ಮಣ್ಣಿನ ಗುಡ್ಡೆಯಾಗಿದ್ದವು. ಪೂರ್ತಿ ಬಿದ್ದ ಮನೆ ಎಂದು ಸರ್ವೆಯಲ್ಲಿ ಬರೆದರೆ ಸರಕಾರ ಹೊಸ ಮನೆ ಕೊಡುತ್ತಿತ್ತು. ನಮಗೆ ಬೇಕಾದದ್ದು ಅಷ್ಟೇ.

ಸರ್ವೆಯವರನ್ನು ಓಣಿ ಓಣಿ ತಿರುಗಿಸುವ ಕೆಲಸ ನನ್ನ ಸೋದರಮಾವನದು. ಪಂಚಾಯಿತಿ ಸದಸ್ಯ, ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಸರ್ವೆಯ ಹಿಂದಿನ ದಿನ ಶಾಲೆಗೆ ಬಂದು ಹೇಳಿದ:

"ಅಕ್ಕಾ, ನಾಳೆ ಸಾಹೇಬ್ರು ಬರಾಕತ್ತಾರ. ಮನಿ ಮುಂದ ಒಂದೀಟ ಸಾರಿಸಿ ಇಡು. ನಮ್ಮ ಮಂದಿ ಮರ್ಯಾದಿ ಪ್ರಶ್ನೆ ಐತಿ."

ಅವ್ವನಿಗೆ ಹೇಳಬೇಕೇ? ಸಾರಿಸದ ಹೊಸ್ತಿಲ ಮುಂದೆ ಭಿಕ್ಷುಕನನ್ನೂ ನಿಲ್ಲಿಸದ ಹೆಂಗಸು. ಬೆಳಿಗ್ಗೆ ಎದ್ದವಳೇ ಮನೆಗೆ ಹೋಗಿ ಸೆಗಣಿ ಕಲಸಿ ಅಂಗಳ ಸಾರಿಸಿದಳು, ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದಳು, ಹೊಸ್ತಿಲಿಗೆ ರಂಗೋಲಿ ಎಳೆದಳು. ಸೆಗಣಿ ಹೊತ್ತು ತಂದವಳು ನಾನೇ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

ಸಾಹೇಬರು ಬಂದರು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ರಂಗೋಲಿಯ ಪಕ್ಕ ನಿಂತಳು, ಮೊಬೈಲಿನಲ್ಲಿ ಫೋಟೋ ಹೊಡೆದರು. "ಹಿಂದ ನೋಡ್ರಿ ಸಾಹೇಬ್ರ..." ಎಂದು ನಾನು ಬಾಯಿ ತೆರೆದೆ. ಮಾವ ಅಡ್ಡ ಬಂದ.

"ಹಿಂದಿನ ಗ್ವಾಡಿ ನಾ ತೋರಸ್ತೀನಿ. ನೀ ಸ್ಟ್ಯಾಂಡಿಗಿ ಹೋಗಿ ಚಾ ತಗೊಂಡ ಬಾರವಾ."

ಚಹಾ ಹಿಡಿದುಕೊಂಡು ಬರುವಷ್ಟರಲ್ಲಿ ಜೀಪು ಮುಂದಿನ ಓಣಿಯಲ್ಲಿತ್ತು. ಆ ಚಹಾ ನಾವಿಬ್ಬರೇ ಕುಡಿದೆವು.

ಪಟ್ಟಿ ಬಂದಾಗ ನಮ್ಮ ಮನೆಗೆ 'ಅಲ್ಪ ಹಾನಿ'. ಮಾವನ ಮನೆ ಪೂರ್ತಿ ಬಿದ್ದದ್ದು. ಅವನದು ದಿಬ್ಬದ ಮೇಲಿನ ಮನೆ. ನೀರು ಮೆಟ್ಟಿಲು ಮುಟ್ಟಿ ಹಿಂದೆ ಸರಿದಿತ್ತು. ಸರ್ವೆಯ ಹಿಂದಿನ ದಿನ ಅವನೇ ಹಾರೆ ಹಿಡಿದು ಗೋಡೆ ಕೆಡವಿದ್ದನ್ನು ಅರ್ಧ ಊರು ನೋಡಿತ್ತು. ನಮಗೆ ಸಾರಿಸಲು ಹೇಳಿ ಹೋದ ಅದೇ ದಿನ! ಹೋಗಿ ಕೇಳಿದೆ. "ಪೂರ್ತಿ ಬಿದ್ದಿದ್ದು ಊರಾಗ ಇಷ್ಟ ಮನಿ ಬರೀಬೇಕ ಅಂತ ಮ್ಯಾಲಿಂದ ಹೇಳಿದ್ರ ನಾ ಏನ ಮಾಡ್ಲಿ?" ಎಂದ. ಬೇಲಿಯೇ ಎದ್ದು ಹೊಲ ಮೇಯ್ತು ಎಂದು ಓಣಿಯವರು ಆಡಿಕೊಂಡರು. ಹೊಳೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಹೊಳೆ ಯಾರಿಗೂ ಅಕ್ಕಾ ಎಂದು ಕರೆದು ಮೋಸ ಮಾಡಲಿಲ್ಲ.

ಅವ್ವ ಶಾಲೆಯಿಂದ ಮನೆಗೆ ಮರಳಿದಳು. ಕಾಳಜಿ ಕೇಂದ್ರದಲ್ಲಿ ಕೊಟ್ಟ ಪ್ಲಾಸ್ಟಿಕ್ ತಾಡಪತ್ರಿಯನ್ನು ಪಡಸಾಲೆಯ ಹಿಂದೆ ಕಟ್ಟಿಕೊಂಡು ಅಲ್ಲೇ ಒಲೆ ಹೂಡಿದಳು. ದಿನಾ ಹೊಸ್ತಿಲು ಸಾರಿಸುವುದನ್ನೂ ಬಿಡಲಿಲ್ಲ.

ಎರಡು ವರ್ಷದ ನಂತರ ಮಾವ ತನ್ನ ಹೊಸ ಮನೆಯ ವಾಸ್ತುಶಾಂತಿಗೆ ಕರೆಯಲು ಬಂದ. ಹೊಸ್ತಿಲಾಚೆ ನಿಂತೇ ಕುಂಕುಮ ಹಚ್ಚಲು ಕೈ ಚಾಚಿದ.

"ಅಕ್ಕಾ, ಹೊಸ್ತಿಲ ಪೂಜಿ ನೀನ ಮಾಡಬೇಕ. ನಿನ್ನ ಕೈಗುಣ ಚಲೋ ಐತಿ."

"ಬರ್ತೇನಿ," ಎಂದಳು ಅವ್ವ. "ಮದಲ ನೀ ಒಳಗ ಬಾ. ಅವತ್ತ ಹಿಂದಿನ ಗ್ವಾಡಿ ತೋರಸ್ತೀನಿ ಅಂದಿದ್ದಿಯಲ್ಲ. ಯಾವ ಗ್ವಾಡಿ ತೋರಿಸಿದಿ, ನನಗೂ ಒಮ್ಮೆ ತೋರಸು."

ಒಳಗೆ ಗಾಳಿಗೆ ತಾಡಪತ್ರಿ ಪಟಪಟ ಬಡಿಯುತ್ತಿತ್ತು. ಮಾವ ಹೊಸ್ತಿಲು ದಾಟಲಿಲ್ಲ. ಕುಂಕುಮದ ಬಟ್ಟಲು ಹಿಡಿದುಕೊಂಡೇ ಹಾಗೇ ತಿರುಗಿ ಹೋದ.

ಮರುದಿನ ಅವ್ವ ಹೊಸ್ತಿಲು ಸಾರಿಸಲಿಲ್ಲ. "ಯಾರ ಮರ್ಯಾದಿಗಿ ಸಾರಸ್ಲಿ?" ಎಂದಳು. ಇವತ್ತಿನವರೆಗೂ ಸಾರಿಸಿಲ್ಲ.