ಗಾಳಿಯ ಸರದಿ

ನನಗೆ ಕೋಪ ಬೇಗ ಬರುತ್ತದೆ, ಹೋಗುವುದು ನಿಧಾನ. ಅಷ್ಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಇದು ಕಸುಬಿನಿಂದ ಅಂಟಿದ ಕಾಯಿಲೆ ಎಂದು ನನ್ನ ಗಂಡ ಸಮಾಧಾನ ಮಾಡಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲೂ ನಾನು ಹೀಗೇ ಇದ್ದೆ ಎಂಬುದನ್ನು ಅವರು ಮರೆತಿದ್ದಾರೆ, ಇಲ್ಲವೇ ಮರೆತವರ ಹಾಗೆ ಇದ್ದಾರೆ. ಇಂಥ ನಾನು ಒಬ್ಬಳಿಗೆ ಋಣಿಯಾಗಿದ್ದೇನೆ ಎಂದು ಬರೆಯಲು ಕೂತಿರುವುದು ಮನೆಯವರಿಗೆ ತಮಾಷೆಯಾಗಿ ಕಾಣಬಹುದು. ಕಾಣಲಿ.

ನಮ್ಮೂರು ಸಾದಲಿಗೆ ಹತ್ತಿರ. ಊರಿನ ಪಡುವಲಿಗೆ ನಮ್ಮ ತೋಟ, ತೋಟದ ನಡುವೆ ಕಲ್ಲು ಕಟ್ಟಡದ ಬಾವಿ, ಬಾವಿಯ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಗಡಿನ ರೆಕ್ಕೆಗಳ ಚಕ್ರ. ಗಾಳಿ ಬೀಸಿದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಅದಕ್ಕೆ ಕಟ್ಟಿದ ಉದ್ದನೆಯ ಸರಳು ಮೇಲೆ ಕೆಳಗೆ ಆಡುತ್ತದೆ, ಸರಳು ಆಡಿದರೆ ಬಾವಿಯ ನೀರು ಪೈಪಿನ ಬಾಯಿಗೆ ಬರುತ್ತದೆ. ಈಗ ಆ ನೀರು ಒಂದು ಚಪ್ಪಡಿ ಕಲ್ಲಿನ ತೊಟ್ಟಿಗೆ ಬೀಳುತ್ತದೆ. ನಮಗೆ ಬೇಕಾದಾಗ ನಾವು, ಮೈದುನನ ಮನೆಯವರಿಗೆ ಬೇಕಾದಾಗ ಅವರು ತೂಬಿನ ಬೆಣೆ ಕಿತ್ತು ನೀರು ಕಟ್ಟಿಕೊಳ್ಳುತ್ತೇವೆ. ನೋಡಿದವರಿಗೆ ಇದರಲ್ಲೇನಿದೆ ಅನ್ನಿಸುತ್ತದೆ. ಆ ತೊಟ್ಟಿ ಕಟ್ಟುವಷ್ಟು ಬುದ್ಧಿ ಬರುವ ಮೊದಲು ನಾವು ಗಾಳಿಯನ್ನೇ ಪಾಲು ಮಾಡಿಕೊಂಡಿದ್ದೆವು.

ಗಾಳಿಯಂತ್ರವನ್ನು ಹಾಕಿಸಿದವರು ನಮ್ಮ ಮಾವ. ಆಗ ಊರೇ ನಕ್ಕಿತ್ತಂತೆ. ನಕ್ಕವರೂ ಅದರ ನೀರಲ್ಲಿ ಎತ್ತು ತೊಳೆದರು. ಆಮೇಲೆ ಸುತ್ತಲೂ ಬೋರ್‌ವೆಲ್ ಕೊರೆದರು, ಬಾವಿ ಬತ್ತಿತು, ಚಕ್ರ ತುಕ್ಕು ಹಿಡಿದು ಗೊರವಂಕಗಳು ಅದರ ಸಂದಿಯಲ್ಲಿ ಸಂಸಾರ ಹೂಡಿದವು. ಗುಜರಿಯವನು ಎರಡು ಸಲ ಬಂದು ಕೇಳಿದ. ಮಾವ ಕೊಡಲಿಲ್ಲ. ಬಾವಿಗೆ ನೀರು ಬಂದೇ ಬರುತ್ತದೆ ಎನ್ನುತ್ತಿದ್ದರು. ನಾವು ತಲೆಯಾಡಿಸಿ ಒಳಗೆ ಹೋಗಿ ನಗುತ್ತಿದ್ದೆವು. ಅವರು ಹೋಗಿ ಎಷ್ಟೋ ವರ್ಷದ ಮೇಲೆ ಒಳ್ಳೆಯ ಮಳೆಯಾಗಿ ಊರ ಕೆರೆ ತುಂಬಿ ಕೋಡಿ ಹೋಯಿತು, ಬಾವಿಯಲ್ಲಿ ಅರ್ಧದವರೆಗೆ ನೀರು ನಿಂತಿತು. ಬಗ್ಗಿ ನೋಡಿದಾಗ ಮೊದಲು ನೆನಪಾದದ್ದು ಮಾವನ ಮುಖ. ಅವತ್ತು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನೀರು ಬಂದದ್ದೇ ಬಂದದ್ದು, ಜಗಳವೂ ಬಂತು. ಆ ಹೊತ್ತಿಗೆ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಇದ್ದ ಒಂದು ಬೋರ್‌ವೆಲ್ ನೀರಿಗಿಂತ ಹೆಚ್ಚು ಗಾಳಿಯನ್ನೇ ಉಗುಳುತ್ತಿತ್ತು. ಬಾವಿಗೆ ಮೋಟಾರು ಇಡೋಣವೆಂದರೆ ಕರೆಂಟಿನ ಮೀಟರು ಯಾರ ಹೆಸರಿಗೆ ಎಂಬ ಪ್ರಶ್ನೆ. ಇವರು ತಾನು ಹಿರಿಯ ಎಂದರು, ಮೈದುನ ತಾನು ಊರಲ್ಲೇ ಇದ್ದು ಗೇಯುವವನು ಎಂದ. ಅರ್ಜಿ ಬರೆಯುವುದಕ್ಕೆ ಮೊದಲೇ ಅರ್ಜಿ ಹಳೆಯದಾಯಿತು. ಕೊನೆಗೆ ಗಾಳಿಗೆ ಯಾರ ಹೆಸರೂ ಬೇಡವಲ್ಲ ಎಂದು ಇಬ್ಬರೂ ಸೇರಿ ಚಕ್ರಕ್ಕೆ ಎಣ್ಣೆ ಬಿಟ್ಟು, ಪಂಪಿಗೆ ಹೊಸ ತೊಗಲಿನ ವಾಷರು ಹಾಕಿಸಿದರು.

ನೀರು ಹಂಚಿಕೊಳ್ಳುವುದು ಹೇಗೆ ಎಂದು ಕೇಳಿದಾಗ ಊರಿನ ಹಿರಿಯರು ಜಗಲಿಯ ಮೇಲೆ ಕೂತು ಸಲೀಸಾಗಿ ಹೇಳಿದರು: ದಿನ ಬಿಟ್ಟು ದಿನ. ಇವತ್ತು ದೊಡ್ಡವನದು, ನಾಳೆ ಚಿಕ್ಕವನದು. ಹೊತ್ತು ಹುಟ್ಟಿದಾಗ ಸರದಿ ಶುರು, ದೀಪ ಹಚ್ಚಿದಾಗ ಮುಗಿಯಿತು. ದೀಪ ಹಚ್ಚಿದ ಮೇಲೆ ಬಂದ ನೀರು ಮಾರನೆಯ ದಿನದವರದು. ಇದು ಕಪಿಲೆಯ ಕಾಲದ ಕಟ್ಟಳೆ. ಎತ್ತುಗಳು ತೊಗಲಿನ ಚೀಲದಲ್ಲಿ ಬಾವಿಯ ನೀರೆಳೆಯುತ್ತಿದ್ದಾಗ ಇದು ನ್ಯಾಯವೇ ಆಗಿತ್ತು. ನಿನ್ನ ದಿನ, ನಿನ್ನ ಎತ್ತು, ಎಷ್ಟು ಎಳೆಸಿದರೆ ಅಷ್ಟು ನೀರು. ಗಾಳಿ ಯಾರ ಎತ್ತೂ ಅಲ್ಲ, ನೊಗ ಕಟ್ಟಿದರೆ ನಡೆಯುವುದಿಲ್ಲ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತಪ್ಪು ತಿದ್ದುತ್ತಿದ್ದ ನನಗೂ ಹೊಳೆಯಲಿಲ್ಲ. ಎಲ್ಲರೂ ಒಪ್ಪಿ ಕಾಫಿ ಕುಡಿದು ಎದ್ದೆವು.

ಆಷಾಢದಲ್ಲಿ ತೊಂದರೆಯಾಗಲಿಲ್ಲ. ಆಷಾಢದ ಗಾಳಿಗೆ ದಾರಿದ್ರ್ಯವಿಲ್ಲ. ಭಾದ್ರಪದ ಬಂದು ಗಾಳಿ ಕುಂಟತೊಡಗಿದಾಗ ಆಟ ಶುರುವಾಯಿತು. ನಮ್ಮ ದಿನ ಚಕ್ರ ಗೋಡೆಯ ಪಟದ ಹಾಗೆ ನಿಂತಿರುತ್ತಿತ್ತು, ಅವರ ದಿನ ಗರಗರ ತಿರುಗುತ್ತಿತ್ತು. ಅವರ ಕಡೆಯಿಂದ ನೋಡಿದರೆ ಉಲ್ಟಾ ಕಂಡಿರಬೇಕು. ಆದರೆ ನಾನು ಅವರ ಕಡೆಯಿಂದ ಯಾಕೆ ನೋಡಲಿ?

ಒಂದು ದಿನ ನಮ್ಮ ಸರದಿ. ಬೆಳಗಿನಿಂದ ಎಲೆ ಅಲ್ಲಾಡಲಿಲ್ಲ. ಹೊತ್ತು ಮುಳುಗುವಾಗ ಪಡುವಣದಿಂದ ಗಾಳಿ ಎದ್ದಿತು, ನೀರು ಬಿತ್ತು. ನಾನು ಸಂತೋಷದಿಂದ ಸೀರೆ ಎತ್ತಿ ಕಟ್ಟಿ ಗುದ್ದಲಿ ಹಿಡಿದು ಒಂದು ಸಾಲಿಗೂ ನೀರು ತಿರುಗಿಸಿರಲಿಲ್ಲ, ಮೈದುನನ ಮನೆಯಲ್ಲಿ ದೀಪ ಹತ್ತಿತು. ನನ್ನ ವಾರಗಿತ್ತಿ ಬಂದು ನಮ್ಮ ಕಾಲುವೆಗೆ ಮಣ್ಣು ಅಡ್ಡ ಹಾಕಿ ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಕಟ್ಟಳೆಯ ಪ್ರಕಾರ ಅವಳು ಮಾಡಿದ್ದು ಸರಿ. ಅದೇ ನನಗೆ ಹೆಚ್ಚು ಉರಿದದ್ದು.

ಅವಳ ತವರು ಗೌರಿಬಿದನೂರು ಕಡೆ, ತೊಂಡೇಬಾವಿ. ನಮಗೆ ನೇರ ಪಡುವಲು. ನನ್ನ ತವರು ಚಿಂತಾಮಣಿಯ ಆಚೆ, ಕೆಂಚಾರ್ಲಹಳ್ಳಿ, ಮೂಡಲು.

"ಗಾಳೀನೂ ನಿಮ್ಮ ತವರೋರೇ ಹೇಳಿ ಕಳಿಸ್ತಾರೇನೇ? ಸೀರೆ ಕಳ್ಸಕ್ಕೆ ಆಗ್ದೋರು ಗಾಳಿನಾದ್ರೂ ಕಳಿಸ್ಲಿ ಬಿಡು," ಎಂದೆ.

ಅವಳ ತಂದೆ ಹೋದ ಮೇಲೆ ತವರಿನಿಂದ ಗೌರಿಹಬ್ಬಕ್ಕೆ ಬಾಗಿನ ಬರುವುದು ನಿಂತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದದ್ದು. ಹಬ್ಬ ಕಳೆದು ವಾರವೂ ಆಗಿರಲಿಲ್ಲ. ಅವಳು ಗುದ್ದಲಿಯನ್ನು ಹೆಗಲಿಗೇರಿಸಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಮಕ್ಕಳಿಗೆ ಸಾವಿರ ಸಲ ಬೋರ್ಡಿನ ಮೇಲೆ ಬರೆದು ಕೊಟ್ಟಿದ್ದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂದೇ ಅಂಗಳದ ಎರಡು ಬಾಗಿಲು, ಎಂಟು ತಿಂಗಳು.

ಮರುವರ್ಷ ನಾನು ರಿಟೈರಾದೆ. ಸುಮ್ಮನೆ ಕೂರುವ ಜಾತಿಯಲ್ಲ ನನ್ನದು. ಬೇಡ ಎಂದವರ ಮಾತು ಕೇಳದೆ ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪನ್ನು ನಂಬಿಕೊಂಡು ಐವತ್ತು ಮೊಟ್ಟೆ, ಅಂದರೆ ಐವತ್ತು ಚಿಟ್ಟೆಗಳು ಇಟ್ಟ ಮೊಟ್ಟೆಗಳಷ್ಟು, ರೇಷ್ಮೆ ಹುಳು ತಂದೆ. ಅತ್ತೆ ಇದ್ದಾಗ ಹುಳು ಅವರ ಕೆಲಸ. ನಾನು ಸ್ಕೂಲಿನ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಮೊದಲ ಸಲ ನನ್ನ ಕೈಯಲ್ಲಿ. ಮೇಡಮ್ಮೋರು ಹುಳ ಸಾಕ್ತಾರಂತೆ ಎಂದು ಊರವರು ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದರು. ಹುಳು ಮನೆಗೆ ಬಂದ ಕೂಸು, ಹಸಿದು ಸತ್ತರೆ ಪಾಪ ಮನೆಗೇ ಎಂದು ಅತ್ತೆ ಹೇಳುತ್ತಿದ್ದದ್ದು ದಿನವೂ ನೆನಪಾಗುತ್ತಿತ್ತು.

ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಒಂದು ವಾರ ಅದು ತಿನ್ನುವುದನ್ನು ನೋಡಿದರೆ ಹೆದರಿಕೆಯಾಗುತ್ತದೆ. ಪರೀಕ್ಷೆಯ ಹಾಲಿನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಹಾಳೆ ತಿರುವಿದ ಸದ್ದು, ಹಗಲೂ ರಾತ್ರಿ. ನಮ್ಮ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದದ್ದು ವೈಶಾಖದ ಕೆಟ್ಟ ಬಿಸಿಲಿನಲ್ಲಿ. ಮಳೆಯ ಸುಳಿವಿಲ್ಲ. ನಮ್ಮ ಸರದಿ ಮೂರು ಸಲ ಬಂತು, ಮೂರು ಸಲವೂ ಚಕ್ರ ಅಲ್ಲಾಡಲಿಲ್ಲ. ಸೊಪ್ಪು ಜೋತುಬಿದ್ದು, ಕಿತ್ತರೆ ಕೈಯಲ್ಲೇ ಹಳೆಯ ಬಟ್ಟೆಯ ಹಾಗೆ ಮುದುಡುತ್ತಿತ್ತು. ಹಾಕಿದರೆ ಹುಳು ಮೇಲೆ ಹತ್ತಿ, ಮೂಸಿ, ತಲೆ ಎತ್ತಿಕೊಂಡು ಸುಮ್ಮನಿರುತ್ತಿತ್ತು. ಸಾವಿರಾರು ತಲೆಗಳು. ನಾನು ಆ ಕೋಣೆಗೆ ಹೋಗಲು ಹೆದರಿದೆ.

ಮಾರನೆಯ ದಿನ ಅವರ ಸರದಿ. ನಾನು ಬೆಳಗ್ಗೆಯೇ ಸೊಪ್ಪು ಕೊಳ್ಳಲು ಹೊರಟೆ. ಸಾದಲಿಯ ಸುತ್ತ ನಾಲ್ಕು ಊರು ತಿರುಗಿದೆ. ಒಬ್ಬರಿಗೆ ತಮ್ಮ ಹುಳುಗಳಿಗೇ ಸಾಲದು. ಇನ್ನೊಬ್ಬರ ತೋಟದ ಪಕ್ಕ ಟೊಮೇಟೊಗೆ ಔಷಧಿ ಹೊಡೆದಿದ್ದರು, ಆ ಗಾಳಿ ಬಿದ್ದ ಸೊಪ್ಪು ಹಾಕಿದರೆ ಹುಳು ಸತ್ತೇ ಹೋಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೂರಿಸಿ ಮಜ್ಜಿಗೆ ಕೊಟ್ಟ, ಸೊಪ್ಪು ಕೊಡಲಾಗಲಿಲ್ಲ. ಬರಿಗೈಯಲ್ಲಿ ಬಸ್ಸಿಳಿದಾಗ ಸಂಜೆ. ಹುಳುಗಳನ್ನು ತಿಪ್ಪೆಗೆ ಹಾಕುವ ಹೊತ್ತು ಬಂತು ಎಂದುಕೊಂಡೇ ತೋಟದ ದಾರಿ ಹಿಡಿದೆ.

ಕಾಲು ಕೆಸರಿಗೆ ಬಿತ್ತು. ನಮ್ಮ ಹಿಪ್ಪುನೇರಳೆಯಲ್ಲಿ, ಕೊನೆಯ ಸಾಲಿನವರೆಗೆ, ಬುಡಬುಡಕ್ಕೂ ನೀರು. ತಲೆಯೆತ್ತಿದರೆ ಚಕ್ರ ತಿರುಗುತ್ತಿತ್ತು.

ನನ್ನ ಗಂಡ ಅವರ ನೀರು ಕದ್ದಿದ್ದಾರೆ ಎಂದೇ ನನಗೆ ಮೊದಲು ಅನ್ನಿಸಿದ್ದು. ಮನೆಗೆ ಹೋಗಿ ಬಾಗಿಲಲ್ಲೇ ಶುರುಮಾಡಿದೆ. ಅವರು ಹುಳುಗಳ ಕೋಣೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದವರು ತಿರುಗಿ, ತಾನು ಬೆಳಗಿನಿಂದ ಹೊಸಿಲು ದಾಟಿಲ್ಲ, ಬೇಕಾದರೆ ಬಾವಿಯ ಹತ್ತಿರ ಹೋಗಿ ಕೇಳು ಎಂದರು.

ಬಾವಿಯ ಕಟ್ಟೆಯ ಮೇಲೆ ವಾರಗಿತ್ತಿ ಕೂತಿದ್ದಳು. ಪಕ್ಕದಲ್ಲಿ ಬಿಂದಿಗೆ. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು. ಚಕ್ರ ನಿಂತಾಗಲೆಲ್ಲ ಆ ಹಳೆಯ ಪಂಪು ಹಿಡಿತ ಬಿಡುತ್ತದೆ, ಮತ್ತೆ ಮೇಲಿನಿಂದ ನೀರು ಹೊಯ್ದರೇ ಎಳೆಯುವುದು. ಅವಳು ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು. ಸೀರೆ ಮೊಣಕಾಲಿನವರೆಗೆ ನೆನೆದಿತ್ತು. ಇವತ್ತು ನಿಮ್ಮ ಸರದಿಯಲ್ಲವೇ ಎಂದು ಕೇಳಿದೆ. ಎಂಟು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು, ಅದೂ ಕಟ್ಟಳೆಯದು.

"ಹುಳಕ್ಕೆ ಸರದಿ ಗೊತ್ತಾಗುತ್ತೇನಕ್ಕಾ?" ಎಂದಳು. "ಕಿಟಕೀಲಿ ನೋಡ್ದೆ. ತಲೆ ಎತ್ಕೊಂಡು ಕಾಯ್ತಾ ಇದ್ವು. ಹೋಗು, ಬೆಳಗ್ಗೆಗೆ ಸೊಪ್ಪು ಎದ್ದಿರುತ್ತೆ."

ಬೆಳಗ್ಗೆ ಸೊಪ್ಪು ಎದ್ದಿತ್ತು. ಬಿಸಿಲೇರುವ ಮೊದಲು ಕಿತ್ತು ತಂದು ಹಾಕಿದೆವು. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಒಂದು ಮೂಲೆಯಿಂದ ಶುರುವಾಗಿ ಇಡೀ ಕೋಣೆಗೆ ಆ ಹಾಳೆ ತಿರುವುವ ಸದ್ದು ತುಂಬಿತು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದೆ. ಎರಡು ದಿನ ಬಿಟ್ಟು ಮಳೆಯೂ ಬಂತು. ಹುಳುಗಳು ಹಣ್ಣಾಗಿ, ಚಂದ್ರಿಕೆಯ ಬಿದಿರಿನ ಸುತ್ತುಗಳಲ್ಲಿ ಗೂಡು ಕಟ್ಟಿದವು.

ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವ ಮೊದಲು ಒಂದು ಬೊಗಸೆ ದೇವರ ಮುಂದೆ ಇಡುವುದು ಅತ್ತೆಯ ಕಾಲದ ಪದ್ಧತಿ. ನಾನು ಆ ಬೊಗಸೆಯನ್ನು ಸೆರಗಿನಲ್ಲಿ ಹಾಕಿಕೊಂಡು ವಾರಗಿತ್ತಿಯ ಮನೆಗೆ ಹೊರಟೆ. ತೋಟದ ಕಡೆಯಿಂದ ಸುತ್ತಿ ಹೋದದ್ದು ಒಳ್ಳೆಯದಾಯಿತು. ದಾರಿಯಲ್ಲಿ ಅವಳ ಹುರುಳಿಕಾಯಿಯ ಮಡಿ. ನಾನು ಸೊಪ್ಪಿಗೆ ಹೋಗಿದ್ದ ದಿನ ಅದು ತುಂಬ ಹೂ ಬಿಟ್ಟಿತ್ತು. ಅವತ್ತು ಅದಕ್ಕೆ ನೀರಿಲ್ಲ, ಮುಂದಿನ ಎರಡು ದಿನ ಗಾಳಿಯಿಲ್ಲ. ಮಳೆ ಬರುವ ಹೊತ್ತಿಗೆ ಹೂವೆಲ್ಲ ಉದುರಿತ್ತು. ಗಿಡಗಳನ್ನು ಕಿತ್ತು ದನಕ್ಕೆ ಹಾಕಲು ಬದುವಿನ ಮೇಲೆ ಒಟ್ಟಿದ್ದರು. ಈ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ನನ್ನ ಹುಳುಗಳು ತಿಂದದ್ದು ಅವಳ ಬೆಳೆಯನ್ನು ಎಂದು ಆ ಬದುವಿನ ಮೇಲೆ ನಿಂತು ನನಗೆ ಅರ್ಥವಾಯಿತು.

ಅವಳು ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸೆರಗು ಬಿಚ್ಚಿ ಗೂಡನ್ನು ಮೊರಕ್ಕೆ ಸುರಿದೆ. ಅವಳು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿ, ಗಟ್ಟಿ ಗೂಡು, ಅತ್ತೆಯ ಕೈಯದೇ ಎಂದಳು. ವಾರಗಿತ್ತಿಗೆ ಥ್ಯಾಂಕ್ಸ್ ಎಂದು ಹೇಳುವ ರೂಢಿ ನಮ್ಮ ಮನೆಗಳಲ್ಲಿಲ್ಲ. ಹೇಳಿದರೆ ನಾಟಕದವರ ಹಾಗಿರುತ್ತದೆ. ಹುರುಳಿಕಾಯಿಯ ಮಾತು ಎತ್ತಲೂ ಬಾಯಿ ಬರಲಿಲ್ಲ. ಇನ್ನೊಂದು ಮಾತು ಮಾತ್ರ ಎಂಟು ತಿಂಗಳಿನಿಂದ ಗಂಟಲಲ್ಲೇ ಇತ್ತು.

"ತವರಿನ ಮಾತು ಆಡಬಾರ್ದಿತ್ತು ಕಣೇ," ಎಂದೆ.

ಅವಳ ಕೈಯಲ್ಲಿ ಜರಡಿ ನಿಂತಿತು. ಆಮೇಲೆ ಬಾಯಿಯ ಒಂದು ಮೂಲೆಯಲ್ಲಿ ನಗು ಬಂತು.

"ನಿನ್ನ ಹುಳ ಉಳ್ಸಿದ ಗಾಳಿ ನಮ್ಮೂರಿಂದಾನೇ ಬಂದಿದ್ದು ಅಕ್ಕಾ," ಎಂದಳು. "ನಾನೇ ಹೇಳಿ ಕಳ್ಸಿದ್ದೆ."

ನಾನು ಅಲ್ಲೇ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅವಳು ಕೈಯ ಹಿಟ್ಟು ಕೊಡವಿಕೊಂಡು ಕಾಫಿಗೆ ನೀರಿಟ್ಟಳು.